ಮೊಲ ಸಾಕುವ ಮುಂಚೆ ಹುಲ್ಲು ಬೆಳೆಯಿರಿ

ಚೆನ್ನೈನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ಮೊದಲು ಟ್ರಾಫಿಕ್ಕು, ಆಮೇಲೆ ನೀರು, ಕೊನೆಗೆ ಊರು. ಊರಿನ ಮಾತು ಬಂದ ಮೇಲೆ ‘ಅಲ್ಲಿ ಏನಾದರೂ ಮಾಡಬೇಕು ಕಣ್ರೀ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಅಪ್ಪ ಅಮ್ಮ ಊರಲ್ಲಿದ್ದಾರೆ, ತುಂಡು ಜಮೀನಿದೆ, ತಿಂಗಳಿಗೆ ಒಂದಿಷ್ಟು ಹಣ ಕಳಿಸುವ ಶಕ್ತಿಯೂ ಇದೆ. ನಾಟಿ ಕೋಳಿ, ಕುರಿ, ಅಣಬೆ, ಎರೆಗೊಬ್ಬರದ ಪಟ್ಟಿಗೆ ಈಚೆಗೆ ಮೊಲ ಸಾಕಣೆಯೂ ಸೇರಿಕೊಂಡಿದೆ.

ಮೊಲದ ಲೆಕ್ಕ ಎಕ್ಸೆಲ್ ಹಾಳೆಯಲ್ಲಿ ಬಹಳ ಚೆಂದ ಕಾಣುತ್ತದೆ. ಗಬ್ಬದ ಅವಧಿ ಬರೀ 30ರಿಂದ 32 ದಿನ. ಸೂಲಿಗೆ 6 ಮರಿ, ವರ್ಷಕ್ಕೆ 5 ಸೂಲು ಎಂದು ಹಿಡಿದರೆ 10 ಹೆಣ್ಣು ಮೊಲಗಳಿಂದ 300 ಮರಿ. ನಮ್ಮ ಹವೆಯಲ್ಲಿ ಮರಿ ಸುಮಾರು 12 ವಾರಕ್ಕೆ 2 ಕೆ.ಜಿ. ತೂಗುತ್ತದೆ. ಅಲ್ಲಿಗೆ 600 ಕೆ.ಜಿ. ಜಾಗ ಸ್ವಲ್ಪ ಸಾಕು, ಮೇವಿಗೆ ಹಿತ್ತಲ ಸೊಪ್ಪು ಇದೆ. ಇನ್ನೇನು ಬೇಕು?

ಆ ಹಾಳೆಯಲ್ಲಿ ಒಂದು ಕಾಲಂ ಮಾತ್ರ ಇರುವುದಿಲ್ಲ. ಹಾಲು ಬಿಡಿಸಿದ ಮೇಲೆ ಸಾಯುವ ಮರಿಗಳ ಕಾಲಂ ಅದು. ನೂರರಲ್ಲಿ ಇಪ್ಪತ್ತು ಮರಿ ಹೋದರೂ 300ರಲ್ಲಿ 60 ಹೋದ ಹಾಗೆ. ಅವಕ್ಕೆ ಆಗಲೇ ಹಾಕಿದ ಮೇವು, ತಾಯಿ ಮೊಲದ ಖರ್ಚು, ಮನೆಯವರ ದುಡಿಮೆ ಎಲ್ಲವೂ ಜೊತೆಯಲ್ಲೇ ಹೋಗುತ್ತವೆ.

ಈ ಕಾಲಂ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಶಿಡ್ಲಘಟ್ಟದ ಕಡೆಯ ನಮ್ಮ ಅಕ್ಕ–ಭಾವನ ಶೆಡ್ಡಿನಲ್ಲಿ ನೋಡಿದೆ. ಅವರದು ರೇಷ್ಮೆ ಮಾಡುವ ಮನೆ. ಹುಳು ಮನೆಯ ಪಕ್ಕ ಖಾಲಿ ಬಿದ್ದಿದ್ದ ಶೆಡ್ಡಿನಲ್ಲಿ ಭಾವ ಮೊಲ ಸಾಕಲು ಶುರು ಮಾಡಿದರು. ಮೊದಲ ಎರಡು ಸೂಲು ಚೆನ್ನಾಗಿಯೇ ಬಂದವು. ಆಮೇಲೆ ಮೇವು ಮಾರುವವರೊಬ್ಬರು ‘ಸೊಪ್ಪು, ಹುಲ್ಲು ಎಷ್ಟು ಹಾಕಿದರೂ ಅಷ್ಟೇ, ಬೇಗ ತೂಕ ಬರಬೇಕಾದರೆ ಕಾಳು ಹಾಕಿ’ ಅಂದರು. ಮುಸುಕಿನ ಜೋಳದ ನುಚ್ಚು, ಶೇಂಗಾ ಹಿಂಡಿ ಯಥೇಚ್ಛವಾಗಿ ಬಿದ್ದವು. ಮೊದಲ ವಾರ ಮರಿಗಳು ದುಂಡಗಾದವು. ಎರಡನೇ ವಾರ ಮೂಲೆ ಹಿಡಿದು ಕೂತವು. ಹೊಟ್ಟೆ ಉಬ್ಬಿತು, ಹಿಂಭಾಗ ಒದ್ದೆಯಾಯಿತು, ಲೋಳೆ ಬಿತ್ತು. ಆ ಸೂಲಿನ ಮರಿಗಳಲ್ಲಿ ಅರ್ಧಕ್ಕೂ ಹೆಚ್ಚು ಉಳಿಯಲಿಲ್ಲ.

‘ಚೆನ್ನಾಗೇ ತಿಂತಿದ್ವು ಕಣೋ, ತಿಂದೂ ತಿಂದೂ ಸತ್ತೋದ್ವು’ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಂದು ನೋಡಿದ ಪಶುವೈದ್ಯರು ಮೊದಲು ಕೇಳಿದ್ದು, ‘ಹುಲ್ಲು ಎಷ್ಟು ಹಾಕ್ತೀರಿ?’ ಎಂದು. ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಟೆಕ್. ಮಾಡಿದವನು, ಪಶುವೈದ್ಯನಲ್ಲ. ಆದರೆ ಸಾವಿಗೂ ಹುಲ್ಲಿಗೂ ಏನು ಸಂಬಂಧ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರಿಗೆ ಹಣ ಕಳಿಸಿ ಮೊಲ ಸಾಕಿಸಬೇಕು ಎಂದುಕೊಂಡಿರುವವರಿಗೆ ಉಪಯೋಗವಾಗಲಿ ಎಂದು, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಗೆಯ ಹಿಕ್ಕೆ

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಹೊಲ, ಕುರುಚಲು ಕಾಡಿನಲ್ಲಿ ಓಡುವ ಮೊಲ ಬೇರೆ, ಪಂಜರದಲ್ಲಿ ಸಾಕುವ ಮೊಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಅಷ್ಟೇ. ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಸಾಕುವ ಮೊಲ ಯುರೋಪ್ ಮೂಲದ ಜಾತಿ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್, ಗ್ರೇ ಜೈಂಟ್ ಎಲ್ಲ ಅದರ ತಳಿಗಳು.

ಹಸು ಹುಲ್ಲು ತಿಂದರೆ ಅದು ಮೊದಲು ಮೆಲುಕು ಚೀಲಕ್ಕೆ ಹೋಗಿ ಹುದುಗುತ್ತದೆ, ಆಮೇಲೆ ಜೀರ್ಣವಾಗುತ್ತದೆ. ಮೊಲದಲ್ಲಿ ಇದು ತಿರುವುಮುರುವು. ಹೊಟ್ಟೆ, ಸಣ್ಣ ಕರುಳು ದಾಟಿದ ಮೇಲೆ ಅಂಧಕರುಳು ಎಂಬ ದೊಡ್ಡ ಚೀಲ ಸಿಗುತ್ತದೆ. ಮನುಷ್ಯರಲ್ಲಿ ಅದು ಪುಟ್ಟ ಭಾಗ. ಮೊಲದಲ್ಲಿ ಜೀರ್ಣಾಂಗದೊಳಗಿನ ಒಟ್ಟು ಸರಕಿನ ಸುಮಾರು ಶೇ. 40ರಷ್ಟು ಅಲ್ಲೇ ಇರುತ್ತದೆ. ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ನಾರನ್ನು ಹುದುಗಿಸಿ, ಮೊಲಕ್ಕೆ ಶಕ್ತಿ ಕೊಡುವ ಆಮ್ಲಗಳನ್ನು ತಯಾರಿಸುತ್ತವೆ.

ಅಂಧಕರುಳಿನ ಬಾಯಲ್ಲಿ ಒಂದು ಜರಡಿಯಂಥ ವ್ಯವಸ್ಥೆಯೂ ಇದೆ. ಸುಮಾರು 0.3 ಮಿ.ಮೀ.ಗಿಂತ ದೊಡ್ಡ ನಾರಿನ ಚೂರುಗಳನ್ನು ದೊಡ್ಡ ಕರುಳು ಮುಂದಕ್ಕೆ ತಳ್ಳುತ್ತದೆ. ಅವೇ ಒಣ, ಗುಂಡು ಹಿಕ್ಕೆಗಳಾಗಿ ಬೀಳುತ್ತವೆ. ನುಣ್ಣಗಿನ ಕಣಗಳನ್ನೂ ರಸವನ್ನೂ ಅದು ಹಿಂದಕ್ಕೆ, ಅಂಧಕರುಳಿಗೇ ತಳ್ಳುತ್ತದೆ. ಅಲ್ಲಿ ಹುದುಗಿದ ಸರಕು ದಿನದ ಬೇರೊಂದು ಹೊತ್ತಿನಲ್ಲಿ ಮೆತ್ತಗಿನ, ದ್ರಾಕ್ಷಿ ಗೊಂಚಲಿನಂಥ, ಲೋಳೆ ಹೊದ್ದ ಹಿಕ್ಕೆಯಾಗಿ ಹೊರಬರುತ್ತದೆ. ಅದನ್ನು ಮೊಲ ನೆಲಕ್ಕೆ ಬೀಳಲು ಬಿಡದೆ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗಿಬಿಡುತ್ತದೆ.

ನಮಗೆ ಅಸಹ್ಯ ಅನಿಸಬಹುದು. ಮೊಲಕ್ಕೆ ಅದು ಎರಡನೇ ಊಟ. ಒಣ ಹಿಕ್ಕೆಯ ಒಣಭಾಗದಲ್ಲಿ ಪ್ರೋಟೀನ್ ಸುಮಾರು ಶೇ. 13 ಇದ್ದರೆ, ಈ ಮೆತ್ತನೆಯದರಲ್ಲಿ ಶೇ. 30ರ ಹತ್ತಿರ. ಬಿ ಗುಂಪಿನ ಜೀವಸತ್ವಗಳೂ ಅದರಲ್ಲಿ ತುಂಬಿರುತ್ತವೆ. ಈ ನಡವಳಿಕೆಯನ್ನು ಮೊದಲು ವಿವರವಾಗಿ ದಾಖಲಿಸಿದ್ದು 1882ರಲ್ಲಿ, ಮೊರೊ ಎಂಬ ಫ್ರೆಂಚ್ ಪಶುವೈದ್ಯ.

ಇದೆಲ್ಲ ಸರಿಯಾಗಿ ನಡೆಯಬೇಕಾದರೆ ಕರುಳು ನಿಲ್ಲದೆ ಚಲಿಸುತ್ತಿರಬೇಕು. ಆ ಚಲನೆಗೆ ದೂಡು ಕೊಡುವುದು ಗಟ್ಟಿ ನಾರು. ಕೆಲಸ ಮುಗಿಸಿ ಹಿಕ್ಕೆಯಾಗಿ ಹೋಗುವ ಆ ನಾರನ್ನು ‘ಪೌಷ್ಟಿಕವಲ್ಲದ ಕಸ’ ಎಂದು ಕಡಿಮೆ ಮಾಡಿದರೆ ಇಡೀ ವ್ಯವಸ್ಥೆಯೇ ನಿಧಾನವಾಗುತ್ತದೆ.

ಕಾಳು ಹೆಚ್ಚಾದರೆ ಒಳಗೆ ಏನಾಗುತ್ತದೆ

ದೋಸೆ ಹಿಟ್ಟನ್ನು ನೆನೆಸಿಕೊಳ್ಳಿ. ಹದವಾದ ಹೊತ್ತು ಇಟ್ಟರೆ ಹುದುಗು ಬಂದು ರುಚಿಯಾಗುತ್ತದೆ. ಚೆನ್ನೈನ ಮೇ ತಿಂಗಳಲ್ಲಿ ಮರೆತು ಹೊರಗಿಟ್ಟರೆ ಉಕ್ಕಿ ಪಾತ್ರೆಯಿಂದಾಚೆ ಬಂದು ನಾತ ಹೊಡೆಯುತ್ತದೆ. ಅಂಧಕರುಳೂ ಅಂಥದೇ ಪಾತ್ರೆ. ಒಳಗಿನ ಸರಕು ಸರಿಯಾದ ವೇಗದಲ್ಲಿ ಹೊರಗೆ ಹೋಗುತ್ತಿದ್ದರೆ ಒಳ್ಳೆಯ ಸೂಕ್ಷ್ಮಜೀವಿಗಳ ಕೈ ಮೇಲಾಗಿರುತ್ತದೆ. ನಾರು ಕಡಿಮೆಯಾಗಿ ಸರಕು ಅಲ್ಲೇ ನಿಂತರೆ ಬೇಡದವು ಹೆಚ್ಚಿಕೊಳ್ಳುತ್ತವೆ.

ಕಾಳಿನ ಪಿಷ್ಟ ಸಣ್ಣ ಕರುಳಿನಲ್ಲೇ ಜೀರ್ಣವಾಗಬೇಕು. ದೊಡ್ಡ ಮೊಲ ಇದನ್ನು ಬಹುಮಟ್ಟಿಗೆ ನಿಭಾಯಿಸುತ್ತದೆ. ಆಗಷ್ಟೇ ಹಾಲು ಬಿಟ್ಟ ಮರಿಯಲ್ಲಿ ಪಿಷ್ಟ ಅರಗಿಸುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅರಗದ ಪಿಷ್ಟ ಅಂಧಕರುಳಿಗೆ ಬಿದ್ದು ಕ್ಲಾಸ್ಟ್ರಿಡಿಯಂ ಕುಲದ ಬ್ಯಾಕ್ಟೀರಿಯಾಗಳಿಗೆ ಹಬ್ಬವಾಗುತ್ತದೆ. ಅವುಗಳಲ್ಲಿ ಕೆಲವು ವಿಷ ಉತ್ಪಾದಿಸುತ್ತವೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಪೀಟರ್ ಚೀಕ್ ಮತ್ತು ಸಂಗಡಿಗರು ಮುಂದಿಟ್ಟ ವಿವರಣೆ ಇದು. ಹಿಂಡಿ ಹೆಚ್ಚಾದರೂ ಇದೇ ಗೋಳು: ಅರಗದ ಪ್ರೋಟೀನ್ ಒಳಗೆ ಕೊಳೆತು ಅಮೋನಿಯಾ ಏರುತ್ತದೆ. ಮೊಲ ವಾಂತಿ ಮಾಡಲಾರದು, ಒಳಗೆ ಹೋದದ್ದನ್ನು ಹಾಗೆ ಹೊರಗೆ ಹಾಕಲು ಅದಕ್ಕೆ ದಾರಿಯೇ ಇಲ್ಲ.

ಪಿಷ್ಟ ಹೆಚ್ಚಾಗಿದ್ದು ಕಾರಣವೋ, ನಾರು ಕಡಿಮೆಯಾಗಿದ್ದು ಕಾರಣವೋ? ಮೇವಿನ ಮಿಶ್ರಣದಲ್ಲಿ ಒಂದು ಏರಿದರೆ ಇನ್ನೊಂದು ಇಳಿಯುವುದರಿಂದ ಎರಡನ್ನೂ ಬಿಡಿಸಿ ನೋಡುವುದು ಕಷ್ಟ. ಫ್ರಾನ್ಸಿನ ತುಲೂಸ್‌ನಲ್ಲಿ ಥಿಯೆರಿ ಗಿಡೆನ್ ಮತ್ತು ಸಹೋದ್ಯೋಗಿಗಳು ವರ್ಷಗಟ್ಟಲೆ ಮಾಡಿದ ಪ್ರಯೋಗಗಳು ನಾರಿನ ಕೊರತೆಯ ಕಡೆಗೇ ಹೆಚ್ಚು ಬೊಟ್ಟು ಮಾಡಿದವು. ಮರಿಗಳ ಮೇವಿನಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಸೇರಿದ ಗಟ್ಟಿ ನಾರು ಸುಮಾರು ಶೇ. 18–19 ಇರಬೇಕು, ಪಿಷ್ಟ ಶೇ. 14ರ ಆಸುಪಾಸು ಮೀರಬಾರದು ಎಂಬ ಸಲಹೆ ಇಂಥ ಕೆಲಸದಿಂದ ಬಂತು. ಪ್ರೋಟೀನ್ ಶೇ. 16ರಷ್ಟಿದ್ದರೆ ಸಾಕು.

ಹಾಗೆಂದು ಬರೀ ಒಣ ಕಡ್ಡಿ ತಿನ್ನಿಸಿದರೆ ಮರಿ ಬೆಳೆಯುವುದಿಲ್ಲ. ನಾರಿನಲ್ಲೂ ಎರಡು ಬಗೆ. ಒಣಹುಲ್ಲು, ಕಾಳುಗಳ ಹೊಟ್ಟಿನಲ್ಲಿರುವ ಗಟ್ಟಿ ನಾರು ಕರುಳನ್ನು ಓಡಿಸುತ್ತದೆ. ಎಳೆ ಸೊಪ್ಪಿನಲ್ಲಿರುವ ಮೆದು ನಾರು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಮೊದಲನೆಯದು ಇಲ್ಲದಿದ್ದರೆ ಮರಿ ಸಾಯುತ್ತದೆ, ಎರಡನೆಯದು ಇಲ್ಲದಿದ್ದರೆ ಸೊರಗುತ್ತದೆ. ಎರಡೂ ಬೇಕು.

ಇಲ್ಲಿ ಕೋಳಿಯ ಲೆಕ್ಕವನ್ನು ಮರೆಯಬೇಕು. ಬ್ರಾಯ್ಲರ್ ಕೋಳಿ 2 ಕೆ.ಜಿ.ಗಿಂತ ಕಡಿಮೆ ಆಹಾರದಲ್ಲಿ 1 ಕೆ.ಜಿ. ತೂಕ ಏರುತ್ತದೆ. ಯುರೋಪಿನ ಉತ್ತಮ ಫಾರಂಗಳಲ್ಲೂ ಮೊಲಕ್ಕೆ ಅದೇ 1 ಕೆ.ಜಿ.ಗೆ 3ರಿಂದ 3.5 ಕೆ.ಜಿ. ಮೇವು ಬೇಕು. ಜನ ತಿನ್ನದ ಹುಲ್ಲು, ಸೊಪ್ಪನ್ನು ಮಾಂಸವಾಗಿಸುವುದೇ ಮೊಲದ ಲಾಭ. ಅದಕ್ಕೆ ಕೋಳಿಯ ಹಾಗೆ ಕಾಳು ಹಾಕಿದರೆ ಆ ಲಾಭವೂ ಹೋಯಿತು, ಮರಿಯೂ ಹೋಯಿತು.

ಹಾಲು ಬಿಡಿಸುವ ವಾರ

ತಾಯಿ ಮೊಲ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಮೂರ್ನಾಲ್ಕು ನಿಮಿಷ ಹಾಲು ಕುಡಿಸುತ್ತದೆ. ‘ತಾಯಿ ಮರಿಗಳ ಕಡೆ ತಿರುಗಿಯೂ ನೋಡುತ್ತಿಲ್ಲ’ ಎಂದು ಹೊಸಬರು ಹೆದರುವುದುಂಟು. ಅದು ಅದರ ಸ್ವಭಾವ. ಆ ಹಾಲಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಕೊಬ್ಬಿನಾಮ್ಲಗಳಿವೆ. ಮೊದಲ ದಿನಗಳಲ್ಲಿ ತಾಯಿ ಗೂಡಿನೊಳಗೆ ಕೆಲವು ಹಿಕ್ಕೆಗಳನ್ನೂ ಬಿಟ್ಟುಹೋಗುತ್ತದೆ. ಮರಿಗಳು ಅವನ್ನು ಮೆಲ್ಲುತ್ತವೆ. ಅವುಗಳ ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳು ಸೇರುವ ದಾರಿಗಳಲ್ಲಿ ಅದೂ ಒಂದು. ಹಾಗಾಗಿ ಗೂಡಿನ ಪೆಟ್ಟಿಗೆಯನ್ನು ದಿನವೂ ಕೆರೆದು ತೊಳೆಯುವ ಅತಿ ಮಡಿ ಬೇಡ.

ಸುಮಾರು 18–20 ದಿನಕ್ಕೆ ಮರಿಗಳು ಗೂಡಿನಿಂದ ಹೊರಬಂದು ಮೇವಿಗೆ ಬಾಯಿ ಹಾಕುತ್ತವೆ. 28ರಿಂದ 35 ದಿನದೊಳಗೆ ಹಾಲು ಬಿಡಿಸುತ್ತಾರೆ. ಹಾಲಿನ ರಕ್ಷಣೆ ನಿಲ್ಲುವುದು, ಹೊಟ್ಟೆಯ ಆಮ್ಲ ಇನ್ನೂ ದೊಡ್ಡ ಮೊಲದಷ್ಟು ತೀಕ್ಷ್ಣವಾಗದಿರುವುದು, ಹೊಸ ಪಂಜರ, ಹೊಸ ಮೇವು ಎಲ್ಲವೂ ಒಂದೇ ವಾರದಲ್ಲಿ ಬಂದು ಬೀಳುತ್ತವೆ. ಸಾವುಗಳು ಹೆಚ್ಚಾಗಿ ಆಗುವುದು ಅದಾದ ಮೂರ್ನಾಲ್ಕು ವಾರಗಳಲ್ಲಿ.

ಫ್ರಾನ್ಸಿನವರು ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತರು. 1996ರ ಕೊನೆಯ ಹೊತ್ತಿಗೆ ಅಲ್ಲಿ ಹೊಟ್ಟೆ ಉಬ್ಬಿ, ಲೋಳೆ ಬಿದ್ದು ಸಾಯುವ ಕರುಳು ಕಾಯಿಲೆಯೊಂದು ಕಾಣಿಸಿಕೊಂಡು ಯುರೋಪಿನ ಫಾರಂಗಳಿಗೆಲ್ಲ ಹಬ್ಬಿತು. 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಮೇವಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ ನಿಲ್ಲಿಸಿತು. ಆಗ ಅಲ್ಲಿನ ಸಾಕಣೆದಾರರು ಹೆಚ್ಚಾಗಿ ಹಿಡಿದ ಉಪಾಯ ಬಹಳ ಸರಳ: ಕಡಿಮೆ ತಿನ್ನಿಸುವುದು. ಹಾಲು ಬಿಡಿಸಿದ ಮೇಲೆ ಮೂರು ವಾರದಷ್ಟು ಕಾಲ, ಮರಿ ತಾನಾಗಿ ತಿನ್ನುವುದರ ಶೇ. 75–80ರಷ್ಟು ಪೆಲೆಟ್ ಮಾತ್ರ ಕೊಡುತ್ತಾರೆ. ಆ ವಾರಗಳಲ್ಲಿ ತೂಕ ಸ್ವಲ್ಪ ಹಿಂದೆ ಬೀಳುತ್ತದೆ, ಕರುಳು ಕಾಯಿಲೆಯ ಸಾವು ಇಳಿಯುತ್ತದೆ. ಆಮೇಲೆ ಮೇವು ಬಿಟ್ಟಾಗ ಹಿಂದೆ ಬಿದ್ದ ತೂಕದ ಬಹುಪಾಲನ್ನು ಮರಿ ತುಂಬಿಕೊಳ್ಳುತ್ತದೆ. ತಿಂದ ಮೇವಿಗೆ ಸಿಗುವ ತೂಕವೂ ಹೆಚ್ಚು.

ಅಲ್ಲಿನ ಪೆಲೆಟ್‌ನಲ್ಲಿ ನಾರು ಮೊದಲೇ ಸೇರಿರುತ್ತದೆ. ನಮ್ಮಲ್ಲಿ ಕೈತಿಂಡಿ ಬೇರೆ, ಸೊಪ್ಪು ಬೇರೆ. ಆದ್ದರಿಂದ ನಮ್ಮ ಶೆಡ್ಡಿಗೆ ಈ ಪಾಠ ಹೀಗೆ: ಆ ವಾರಗಳಲ್ಲಿ ಕೈತಿಂಡಿಯನ್ನು ಅಳೆದು ಕೊಡಿ, ಒಣಹುಲ್ಲಿನ ತೊಟ್ಟಿ ಮಾತ್ರ ಯಾವ ಹೊತ್ತಿನಲ್ಲೂ ಖಾಲಿಯಾಗದಿರಲಿ.

ಊರಲ್ಲೇ ಇರುವ ಮೇವು

ಭಾರತದಲ್ಲಿ ಮೊಲದ ಸಂಶೋಧನೆ ಮುಖ್ಯವಾಗಿ ನಡೆದದ್ದು ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಶುರುವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ. ಅದರ ದಕ್ಷಿಣದ ಕೇಂದ್ರ ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿದೆ. ಮಾಂಸದ ತಳಿಗಳಾದ ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ಅಲ್ಲಿವೆ. ಚೆನ್ನೈ, ಕೊಯಮತ್ತೂರಿನಲ್ಲಿರುವ ಕನ್ನಡಿಗರು ಊರಿಗೆ ಹಣ ಕಳಿಸುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ಕೇಳಿ ಬರಬಹುದು. ಬೆಟ್ಟದ ತಂಪು ಬೇರೆ, ನಮ್ಮ ಬಯಲುಸೀಮೆಯ ಬಿಸಿಲು ಬೇರೆ ಎಂಬುದು ನೆನಪಿರಲಿ. ಮೊಲ ಬೆವರುವುದಿಲ್ಲ. ಬಿಸಿಲು 30 ಡಿಗ್ರಿ ದಾಟಿದರೆ ಮೇವು ಬಿಡುತ್ತದೆ, ಬೆಳವಣಿಗೆ ಕುಂಟುತ್ತದೆ.

ನಮ್ಮ ಕಡೆಯ ದೊಡ್ಡ ಅನುಕೂಲ ಹಿಪ್ಪುನೇರಳೆ. ಶಿಡ್ಲಘಟ್ಟ, ಕೋಲಾರ, ರಾಮನಗರದ ಸೀಮೆಯಲ್ಲಿ ಇದಕ್ಕೆ ಬರವಿಲ್ಲ. ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ, ಸುಲಭವಾಗಿ ಅರಗುತ್ತದೆ, ಮೊಲ ಇಷ್ಟಪಟ್ಟು ತಿನ್ನುತ್ತದೆ. ಲೂಸರ್ನ್ ಎನ್ನುವ ಕುದುರೆಮಸಾಲೆ ಸೊಪ್ಪು, ಅಗಸೆ, ಗರಿಕೆ, ಎಳೆಯ ನೇಪಿಯರ್ ಹುಲ್ಲು ಕೂಡ ಆಗುತ್ತವೆ. ಗಟ್ಟಿ ನಾರಿಗೆ ಒಣಹುಲ್ಲು, ಒಣಗಿಸಿದ ಶೇಂಗಾ ಬಳ್ಳಿ, ತೊಗರಿ–ಕಡಲೆ ಹೊಟ್ಟು ಇದ್ದೇ ಇವೆ. ದೊಡ್ಡ ಮೊಲಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಕೈತಿಂಡಿ, 250ರಿಂದ 300 ಗ್ರಾಂ ಹಸಿರು ಸೊಪ್ಪು, ಜೊತೆಗೆ ಬೇಕಾದಷ್ಟು ಒಣಹುಲ್ಲು ಎಂಬುದು ಸಾಮಾನ್ಯ ಅಳತೆ. ಹಾಲೂಡುವ ತಾಯಿಗೆ ಕೈತಿಂಡಿ ಹೆಚ್ಚು, ಮರಿಗೆ ಕಡಿಮೆ.

ಎಚ್ಚರ ಬೇಕಾದ ಜಾಗಗಳೂ ಇವೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ, ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದನ್ನು ತಡೆದುಕೊಳ್ಳಲು ತೀರಾ ಆಗದ ಪ್ರಾಣಿಗಳಲ್ಲಿ ಮೊಲವೂ ಒಂದು. ಮಳೆಗಾಲದಲ್ಲಿ ಹಿಂಡಿ ಮುದ್ದೆ ಕಟ್ಟಿದ್ದರೆ ಎಸೆಯಿರಿ, ಬಿಸಿಲಿಗೆ ಹಾಕಿ ಉಳಿಸಲು ನೋಡಬೇಡಿ. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಕಾರಿ ಅಂಶವಿದೆ, ಅದು ಮಿತವಾಗಿರಲಿ. ಇಬ್ಬನಿ, ಮಳೆ ನೀರು ಸುರಿಯುವ ಸೊಪ್ಪನ್ನು ಬಾಡಿಸಿ ಹಾಕಿ. ಸಂತೆಯಲ್ಲಿ ಉಳಿದ ಎಲೆಕೋಸನ್ನು ರಾಶಿ ಹಾಕಬೇಡಿ. ಕೋಳಿ ಆಹಾರ ಕೊಡಲೇಬೇಡಿ, ಅದರಲ್ಲಿ ಬೆರೆಸುವ ಕೆಲವು ಔಷಧಗಳು ಮೊಲಕ್ಕೆ ವಿಷ. ಮೇವು ಬದಲಿಸಬೇಕಾದರೆ ವಾರದಿಂದ ಹತ್ತು ದಿನ ಹಿಡಿದು, ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬನ್ನಿ. ಒಳಗಿನ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಮೊಲ ಹೆಚ್ಚಾಗಿ ತಿನ್ನುವುದು ಸಂಜೆ ಮತ್ತು ರಾತ್ರಿ. ದೊಡ್ಡ ಪಾಲನ್ನು ಸಂಜೆ ಹಾಕುವುದು ಲೇಸು. ನೀರು ಸದಾ ಇರಬೇಕು. ತಿಂದ ಒಣ ಮೇವಿನ ಸುಮಾರು ಎರಡರಷ್ಟು ತೂಕದ ನೀರು ಅದಕ್ಕೆ ಬೇಕು.

ಭಾವನ ಶೆಡ್ಡಿನಲ್ಲಿ ಈಗ ಹಿಪ್ಪುನೇರಳೆ ಸೊಪ್ಪು ಮತ್ತು ಒಣಹುಲ್ಲು ಮುಖ್ಯ ಮೇವು, ಕೈತಿಂಡಿಯನ್ನು ಅಕ್ಕ ಲೋಟದಲ್ಲಿ ಅಳೆದು ಹಾಕುತ್ತಾಳೆ. ಮರಿಗಳು ದಿನಕ್ಕೆ 25 ಗ್ರಾಂ ಆಸುಪಾಸು ಬೆಳೆಯುತ್ತವೆ. ಕಾಳು ಹಾಕಿದ ಮೊದಲ ವಾರದ ಆ ದುಂಡುತನ ಇಲ್ಲ. ಆದರೆ ಹಾಲು ಬಿಡಿಸಿದ ಮರಿಗಳಲ್ಲಿ ಬಹುಪಾಲು 12ನೇ ವಾರಕ್ಕೆ ತಕ್ಕಡಿ ಹತ್ತುತ್ತವೆ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ

ದೂರದಲ್ಲಿದ್ದುಕೊಂಡು ಮೊಲ ಸಾಕಿಸುವವರು ‘ತೂಕ ಎಷ್ಟಾಯ್ತು?’ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ‘ಹಿಕ್ಕೆ ಹೇಗಿದೆ?’ ಎಂದು ಕೇಳಿ. ವಿಡಿಯೊ ಕರೆಯಲ್ಲಿ ಪಂಜರದ ಕೆಳಗೆ ಒಮ್ಮೆ ತೋರಿಸಲು ಹೇಳಿ. ಹಿಕ್ಕೆ ಗುಂಡಗೆ, ಒಣಗಿ, ಒಂದೇ ಅಳತೆಯಲ್ಲಿದ್ದರೆ ಒಳಗೆ ಎಲ್ಲ ಸರಿ ಇದೆ. ಚಿಕ್ಕದಾಗುತ್ತ, ಕಡಿಮೆಯಾಗುತ್ತ ಬಂದರೆ ಕರುಳು ನಿಧಾನವಾಗುತ್ತಿದೆ. ಮೆತ್ತಗಿನ ಗೊಂಚಲು ಹಿಕ್ಕೆ ತಿನ್ನದೆ ಕೆಳಗೆ ಬಿದ್ದಿದ್ದರೆ ಮೇವು ಅತಿ ಪುಷ್ಟಿಯಾಗಿರಬಹುದು. ಲೋಳೆ, ನೀರು ಭೇದಿ, ಹೊಟ್ಟೆ ಉಬ್ಬರ, ಹಲ್ಲು ಕಡಿಯುವುದು ಕಂಡರೆ ಅದೇ ದಿನ ವೈದ್ಯರನ್ನು ಕರೆಸಬೇಕು. ಭೇದಿಗೆಲ್ಲ ಮೇವೇ ಕಾರಣವೂ ಅಲ್ಲ. ಕಾಕ್ಸಿಡಿಯಾ ಎಂಬ ಪರೋಪಜೀವಿಯಿಂದಲೂ ಬರುತ್ತದೆ, ಅದಕ್ಕೆ ಔಷಧವೂ ಚೊಕ್ಕಟವಾದ ಪಂಜರವೂ ಬೇಕು.

ಔಷಧದ ವಿಷಯದಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಅನ್ನು ಮೊಲದ ಬಾಯಿಗೆ ಹಾಕಬೇಡಿ. ಆ್ಯಂಪಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್‌ನಂಥವು ಬಾಯಿಯ ಮೂಲಕ ಹೋದರೆ ಅಂಧಕರುಳಿನ ಒಳ್ಳೆಯ ಜೀವಿಗಳನ್ನು ಅಳಿಸಿ, ಮೊಲವನ್ನೇ ಕೊಲ್ಲಬಲ್ಲವು.

ನಗರದ ಫ್ಲಾಟುಗಳಲ್ಲಿ ಮಕ್ಕಳಿಗೆಂದು ಒಂದೆರಡು ಮೊಲ ತಂದು ಸಾಕುವವರಿಗೂ ಇದೇ ಮಾತು. ಬ್ರೆಡ್ಡು, ಬಿಸ್ಕತ್ತು, ಬಟ್ಟಲು ತುಂಬ ಕ್ಯಾರೆಟ್ ಅದರ ಊಟವಲ್ಲ. ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಅದು ಅಪರೂಪಕ್ಕೆ ಒಂದು ತುಂಡು ಮಾತ್ರ. ಮೊಲದ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತಲೇ ಇರುತ್ತದೆ. ಅದು ಸವೆಯಲೂ ಹುಲ್ಲು ಜಗಿಯಬೇಕು.

ಊರಲ್ಲಿ ಮೊಲ ಸಾಕಿಸಲೇಬೇಕು ಎಂದಿದ್ದರೆ ಶೆಡ್ಡಿಗೂ ಪಂಜರಕ್ಕೂ ಹಣ ಕಳಿಸುವ ಮೂರು ತಿಂಗಳ ಮುಂಚೆ, ಹುಲ್ಲು ಮತ್ತು ಸೊಪ್ಪಿನ ಗಿಡ ನೆಡಲು ಕಳಿಸಿ. ಬೇಸಿಗೆಗೆ ಒಣಹುಲ್ಲು ಕೂಡಿಡಲು ಜಾಗ ಮಾಡಿಸಿ. ಆಮೇಲೆ ಎಕ್ಸೆಲ್ ತೆರೆದು, ಹಾಲು ಬಿಡಿಸಿದ ಮೇಲೆ ಉಳಿದ ಮರಿಗಳಿಗೆ ಒಂದು ಕಾಲಂ ಸೇರಿಸಿ. ತಿಂಗಳು ತಿಂಗಳೂ ಮೊದಲು ನೋಡಬೇಕಾದ ಸಂಖ್ಯೆ ಅದೇ.